ಬ್ಲೂಟೂತ್ ರಾಜ ಒಪ್ಪಿದ ದಿನ

ಕೊಲ್ಲಿ ನಾಡಿನ ಅಲ್ ಮಬೇಲಾದಲ್ಲಿ ಕಾರುಗಳಿಗೆ ಸ್ಟೀರಿಯೋ ಹಾಕುವ ಬ್ಯಾರಿಯೊಬ್ಬರಿದ್ದರು. ನಮಗೆಲ್ಲ ಕಾಕ. "ಬ್ಲೂಟೂತ್ ಅಂದ್ರೆ ಹಿಂದೆ ಯಾವುದೋ ಚಳಿ ದೇಶದಲ್ಲಿದ್ದ ರಾಜನ ಅಡ್ಡಹೆಸರು ಮಾರಾಯ್ರೆ, ಕಚ್ಚಾಡುವವರನ್ನು ಒಟ್ಟು ಮಾಡಿದವನಂತೆ," ಎಂದು ಪ್ರತಿ ಗಿರಾಕಿಗೂ ಹೇಳುವರು. ಫೋನು ಕಾರಿಗೆ ಜೋಡಿಯಾದೊಡನೆ ಬಾಗಿಲು ತೆರೆದಿಟ್ಟು, ಬೀದಿಗೆಲ್ಲ ಕೇಳುವಂತೆ ಹಾಡು ಹಾಕಿ, "ಖಲಾಸ್, ರಾಜ ಒಪ್ಪಿದ!" ಎನ್ನುವರು.

ಅಣ್ಣನೂ ನಾನೂ ಮಾತು ಬಿಟ್ಟು ತಿಂಗಳಾಗಿತ್ತು. ಕಾರು ಮಾತ್ರ ಒಂದೇ. ಕಾಕ ಇಬ್ಬರ ಫೋನನ್ನೂ ಅದಕ್ಕೆ ಜೋಡಿಸಿದ್ದೇ ತಡ, ಊರಿನಿಂದ ನನಗೆ ಬಂದ ಅಮ್ಮನ ಕರೆ ಸ್ಪೀಕರಿನಲ್ಲಿ ಮೊಳಗಿತು: "ಅಣ್ಣ ಹೇಗಿದ್ದಾನೆ ಮಗಾ?"

ನಾನು ಸದ್ದು ತಗ್ಗಿಸಲು ಕೈಚಾಚಿದೆ. ಸ್ಟೀರಿಂಗ್ ಮುಂದೆ ಕೂತಿದ್ದ ಅಣ್ಣನೇ ಹೇಳಿದ: "ಇಲ್ಲೇ ಇದ್ದೇನೆ ಅಮ್ಮ, ಇವನ ಪಕ್ಕದಲ್ಲೇ."

ಅಬ್ಬ, ಎದೆಯ ಭಾರ ಇಳಿಯಿತು.

ಕಾಕ ಅಂದು ರಾಜನ ಸುದ್ದಿಯೆತ್ತಲಿಲ್ಲ. ಕಾರಿನ ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದರು.