ಹತ್ತೂ ನಲವತ್ತರ ಆದೇಶ

ನೋ ಮೂ ವಾ ಎಂಬಾಕೆ ಬರ್ಮಾದ ಕರೆನ್ ಜನಾಂಗದ ಬೆಟ್ಟದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು. ಬರ್ಮಾ ಸೈನ್ಯ ಶಾಲೆಗೆ ಬೆಂಕಿಯಿಟ್ಟ ಮೇಲೆ ಬಂಡಾಯದ ಪಡೆ ಸೇರಿ ವೈರ್‌ಲೆಸ್ ಕಲಿತಳು. ಕರ್ನಲ್ ಸೋ ಲೇ ಖೋ ಅವರ ಕೈಕೆಳಗೆ ಹನ್ನೊಂದು ವರ್ಷ ಕಳೆದರೂ ಎಲ್ಲರಿಗೂ ಆಕೆ ಟೀಚರಮ್ಮನೇ.

ಆ ಮಾರ್ಚ್‌ನಲ್ಲಿ ಪಡೆ ನದಿಯ ಸೇತುವೆಯೊಂದನ್ನು ಹಿಡಿದಿತ್ತು. ಗಡಿಯಾಚೆ ಕೂತು ಬಂಡಾಯ ನಡೆಸುತ್ತಿದ್ದ ಸಮಿತಿಯ ಅಧ್ಯಕ್ಷರಿಗೆ ಸರ್ಕಾರದೊಡನೆ ಮಾತುಕತೆ ಬೇಕಿತ್ತು. ಗುರುವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಅವರ ಆದೇಶ ಬಂತು: ಹನ್ನೆರಡರೊಳಗೆ ಸೇತುವೆ ಬಿಡಿ, ಇಲ್ಲವಾದರೆ ಸರ್ಕಾರದ ವಿಮಾನಗಳು ಬರುತ್ತವೆ.

ಕರ್ನಲ್ ಓದಿ ಎಲೆ ಅಡಿಕೆ ಉಗುಳಿದರು. “ಹದಿನಾಲ್ಕು ಜನರನ್ನ ಮಣ್ಣು ಮಾಡಿ ಹಿಡಿದಿದ್ದು. ಬಿಡು ಅನ್ನೋಕೆ ಇವರ್ಯಾರು? ವೈರ್‌ಲೆಸ್ ಮಿಷನ್ ಕೆಟ್ಟಿತ್ತು, ಏನೂ ಬರಲಿಲ್ಲ ಅಂತ ಬರ್ಕೊಳ್ಳಿ ಟೀಚರಮ್ಮ.”

“ತಲುಪಿದೆ ಅಂತ ಆಗಲೇ ಉತ್ತರ ಕೊಟ್ಟೆ, ಮಾಮ. ನೀವು ಒಪ್ಪಲ್ಲ ಅಂತ ಬೇಕಾದ್ರೆ ಕಳಿಸ್ತೀನಿ.”

“ನಿಮಗೆ ಅನ್ನ ಹಾಕೋರು ಅವರೋ, ನಾನೋ?”

ಕರ್ನಲ್ ಅವಳನ್ನು ಅಡುಗೆ ಬಿಡಾರಕ್ಕೆ ಅಟ್ಟಿದರು. ಮೂರು ಗಂಟೆಗೆ ವಿಮಾನಗಳು ಬಂದು ಬಾಂಬು ಹಾಕಿದವು. ಸತ್ತ ಇಪ್ಪತ್ಮೂರು ಜನರಲ್ಲಿ ಅದೇ ಪಡೆಯಲ್ಲಿದ್ದ ಆಕೆಯ ಅಣ್ಣನೂ ಒಬ್ಬ.

ಕರ್ನಲ್ ಆದೇಶ ಮೀರಿದ್ದರ ಬಗ್ಗೆ ಸಮಿತಿಯ ವಿಚಾರಣೆ ಬಿದಿರಿನ ಚರ್ಚಿನಲ್ಲಿ ಇತ್ತು. ಹಿಂದಿನ ದಿನ ಅಧ್ಯಕ್ಷರ ಕಾರ್ಯದರ್ಶಿ ಅವಳನ್ನು ಹುಡುಕಿಕೊಂಡು ಬಂದ. ಸರ್ಕಾರದ ಗಡುವು ಬುಧವಾರವೇ ಸಮಿತಿಗೆ ತಲುಪಿತ್ತು. ಒಳಜಗಳದಲ್ಲಿ ಒಂದು ದಿನ ಕಳೆದಿತ್ತು; ಆ ತಡ ಹೊರಬರುವುದು ಅವರಿಗೆ ಬೇಕಿರಲಿಲ್ಲ.

“ಆದೇಶ ಬುಧವಾರವೇ ಬಂತು ಅಂದ್ಬಿಡಿ. ಹೇಗೂ ನಿಮ್ಮಣ್ಣನ್ನ ಕೊಂದಿದ್ದು ಕರ್ನಲ್ ಹಟ ತಾನೇ?”

“ಬಂದಿದ್ದು ಗುರುವಾರ,” ಅಂದಳು.

ಮರುದಿನ ವಿಚಾರಣೆಯಲ್ಲಿ ಅಷ್ಟನ್ನೇ ಹೇಳಿದಳು: ಗುರುವಾರ, ಹತ್ತೂ ನಲವತ್ತು; ಕರ್ನಲ್ ಓದಿದರು, ಒಪ್ಪಲಿಲ್ಲ. ಎರಡೂ ಕಡೆಯವರು ಮುಖ ತಿರುಗಿಸಿದರು. ಕರ್ನಲ್ ಹುದ್ದೆ ಹೋಯಿತು. ಅರ್ಧ ಪಡೆ ಅವರ ಹಿಂದೆಯೇ ಕಾಡಿಗೆ ಹೋಯಿತು. ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ಟೀಚರಮ್ಮನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಆಕೆ ಗಡಿಯ ನಿರಾಶ್ರಿತರ ಶಿಬಿರಕ್ಕೆ ಹೋಗಿ ಅತ್ತಿಗೆಯೊಡನೆ ಒಂದೇ ಗುಡಿಸಲಲ್ಲಿ ಇದ್ದಳು. ಅತ್ತಿಗೆ ಒಂದು ವರ್ಷ ಆ ವಿಷಯ ಎತ್ತಲಿಲ್ಲ. ಒಂದು ಮಧ್ಯಾಹ್ನ ಅನ್ನ ಬಡಿಸುತ್ತಾ ಕೇಳಿದಳು, “ಆದೇಶ ಬುಧವಾರ ಬಂತು ಅಂದಿದ್ರೆ ಆ ಕರ್ನಲ್‌ಗೆ ಗುಂಡು ಹಾಕ್ತಿದ್ರಂತೆ. ಯಾಕೆ ಅನ್ನಲಿಲ್ಲ?”

“ಬುಧವಾರ ಬಂದಿರಲಿಲ್ಲ ಅತ್ತಿಗೆ.”

ಅತ್ತಿಗೆ ಮೀನಿನ ಚಟ್ನಿಯನ್ನು ಅವಳತ್ತ ಸರಿಸಿದಳು.