ರಟ್ಟಿನ ಪೆಟ್ಟಿಗೆಯ ಮೇಲಿನ ರೋಮ್

ಗಲ್ಫಿನಲ್ಲಿರುವ ನಾವು ಟಿವಿ, ಮಿಕ್ಸಿಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಎಸೆಯುವುದಿಲ್ಲ. ಕೆಲಸ ಹೋಗಿ ವೀಸಾ ಕ್ಯಾನ್ಸಲ್ ಆದರೆ ಸಾಮಾನು ಕಟ್ಟಲು ಬೇಕಾಗುತ್ತದೆಂದು ಕಪಾಟಿನ ಮೇಲೆ ಪೇರಿಸಿಡುತ್ತೇವೆ.

ಆ ವಾರ ನಮ್ಮ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಕೆಲಸದಿಂದ ತೆಗೆಯುತ್ತಿದ್ದರು. ಫೋನ್ ರಿಂಗಾದರೆ ಸಾಕು, ನನ್ನ ಸರದಿ ಬಂತೆಂದುಕೊಳ್ಳುತ್ತಿದ್ದೆ. ಅಂಥದ್ದೇ ಒಂದು ಸಂಜೆ ದುಬೈಯ ಅಲ್ ನಹ್ದಾದಲ್ಲಿರುವ ಮನೆಗೆ ಬಂದರೆ, ಮಗಳು ಟಿವಿಯ ಪೆಟ್ಟಿಗೆಯನ್ನು ಕತ್ತರಿಸಿ ನೆಲದ ಮೇಲೆ ಹರಡಿಕೊಂಡು, ಶಾಲೆಯ ಪ್ರಾಜೆಕ್ಟಿಗೆ ರೋಮ್ ಸಾಮ್ರಾಜ್ಯದ ನಕ್ಷೆ ಬರೆಯುತ್ತಿದ್ದಳು. ಈಜಿಪ್ಟಿಗೆ ಹಳದಿ, ಸಿರಿಯಾಕ್ಕೆ ಹಸಿರು, ಅರೇಬಿಯಾ ಪ್ರಾಂತ್ಯಕ್ಕೆ ಕೆಂಪು. ಆ ಕೆಂಪು ಉತ್ತರದಲ್ಲೇ ನಿಂತುಬಿಟ್ಟಿತ್ತು. ದುಬೈ ಇರಬೇಕಾದ ಕಡೆ ಬರೀ ರಟ್ಟಿನ ಬಣ್ಣ.

“ರೋಮ್ ಇಲ್ಲಿಗೆ ಬರ್ಲೇ ಇಲ್ಲ ಪಪ್ಪಾ. ವಿ ಆರ್ ಔಟ್‌ಸೈಡ್,” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. “ಆ ಬಾಕ್ಸ್ ಕತ್ತರಿಸಿದ್ದು ಎಂಥಕ್ಕೆ ಮಾರಾಯ್ತಿ? ನಾಳೆ ಊರಿಗೆ ಹೋಗುವಾಗ ಟಿವಿಯನ್ನು ತಲೆ ಮೇಲೆ ಹೊತ್ಕೊಂಡು ಹೋಗುವುದಾ?”

ಇಲ್ಲೇ ಹುಟ್ಟಿದ ಹುಡುಗಿ ಬ್ರಷ್ ಕೆಳಗಿಟ್ಟು ನನ್ನ ಮುಖ ನೋಡಿದಳು.

“ಯಾರು ಹೋಗುವುದು ಪಪ್ಪಾ?”