ದುರ್ಗದೊಳಗಿನ ನಮ್ಮ ಒಲೆ

ಕವಲೇದುರ್ಗದ ಮೊದಲ ಬಾಗಿಲು ದಾಟಿ ಏರು ಹತ್ತುವಾಗಲೇ ಪ್ಲಾಸ್ಟಿಕ್ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕೋಟೆ ನೋಡಲು ಬಂದ ಯಾರೋ ಪುಣ್ಯಾತ್ಮರು ನಮ್ಮ ಒಲೆಯ ಬಾಯಿಗೆ ಚಿಪ್ಸಿನ ಕವರು, ನೀರಿನ ಬಾಟಲಿ ತುರುಕಿ ಬೆಂಕಿ ಕೊಟ್ಟು ಹೋಗಿದ್ದರು. ಒಂದು ಕಡ್ಡಿ ತಗೊಂಡು ಆ ಹೊಲಸನ್ನೆಲ್ಲ ಹೊರಗೆಳೆದೆ. ಹೊಗೆ ಸರಿದ ಮೇಲೆ ಕಾದ ಕಲ್ಲಿನದೇ ಒಂದು ವಾಸನೆ ಉಳಿಯಿತು ನೋಡಿ, ಅದು ನನಗೆ ಗೊತ್ತಿದ್ದ ವಾಸನೆ. ಅದರ ಬೆನ್ನಿಗೇ ಅಜ್ಜಿ ಹುರಿಯುತ್ತಿದ್ದ ಹುರುಳಿಯ ಘಮ ಬಂದಂತಾಯಿತು. ಮೂಗು ಸುಳ್ಳು ಹೇಳಿರಬೇಕು. ಆ ಒಲೆಯ ಮೇಲೆ ಹುರುಳಿ ಹುರಿದು ಒಂದು ತಲೆಮಾರೇ ಸರಿದುಹೋಗಿದೆ.

ಕೋಟೆಯೊಳಗೆ ಮನೆಗಳಿದ್ದವು ಅಂದರೆ ಈಗ ಯಾರೂ ನಂಬುವುದಿಲ್ಲ. ಮೊದಲ ಬಾಗಿಲಿಗೂ ಎರಡನೇ ಬಾಗಿಲಿಗೂ ನಡುವಿನ ಇಳಿಜಾರಿನಲ್ಲಿ ನಾವು ಕೆಲವು ಸಂಸಾರಗಳಿದ್ದೆವು. ರಾಜರ ಕೋಟೆಗೋಡೆಯೇ ನಮ್ಮ ಹಿತ್ತಿಲ ಗೋಡೆ. ಕಾವಲಿನವರು ನಿಲ್ಲುತ್ತಿದ್ದ ಬಾಗಿಲಲ್ಲಿ ನಮ್ಮ ದನಗಳು ಸಂಜೆ ಒಳಗೆ ಬರುತ್ತಿದ್ದವು; ತೋಪು ಇಡುತ್ತಿದ್ದ ಬುರುಜಿನ ಮೇಲೆ ಅಜ್ಜಿ ಹಪ್ಪಳ ಒಣಗಿಸುತ್ತಿದ್ದಳು. ಒಲೆ ಒಂದೇ ಕರಿಕಲ್ಲಿನದು, ಎರಡು ಬಾಯಿ, ಪಾತ್ರೆ ಕೂರಲು ಕಲ್ಲಿನದೇ ಗುಂಡುಗಳು. ಯಾರು ಕಡೆದದ್ದೋ ನಮಗೆ ಬೇಕಿರಲಿಲ್ಲ. ಅಜ್ಜಿ ದಿನಾ ಅದಕ್ಕೆ ಕೆಮ್ಮಣ್ಣು ಬಳಿದು, ಒಂದು ಹೂವಿಟ್ಟು, ಆಮೇಲೆ ಬೆಂಕಿ ಹಾಕುವಳು. ರಾತ್ರಿ ಉಂಡಾದ ಮೇಲೂ ಕಲ್ಲು ಬೆಚ್ಚಗೇ ಇರುತ್ತಿತ್ತು. ಬೆಕ್ಕನ್ನು ತಳ್ಳಿ ನಾನು ಬೆನ್ನು ಕೊಟ್ಟು ಕೂರುತ್ತಿದ್ದೆ, ನನ್ನನ್ನು ತಳ್ಳಿ ಬೆಕ್ಕು ಕೂರುತ್ತಿತ್ತು. ಮನೆ ಬಾಗಿಲು ಕೋಟೆ ಬಾಗಿಲಿಗೆ ಎದುರು. "ಯಾವ ಶತ್ರು ಬಂದ್ರೂ ನನ್ನ ಕೇಳ್ಕಂಡೇ ಒಳಗೆ ಬರ್ಬೇಕು ಕಣೋ" ಎಂದು ಅಜ್ಜಿ ಅಡಿಕೆ ಕತ್ತರಿಸುತ್ತ ಹೇಳುವಳು.

ಶತ್ರು ಬಂದದ್ದು ಸರ್ಕಾರದ ಜೀಪಿನಲ್ಲಿ. ಅಜ್ಜಿಯನ್ನು ಕೇಳಲಿಲ್ಲ. ಗೋಡೆಯೊಳಗೆ ಇನ್ನು ಯಾರೂ ಇರಕೂಡದು, ಇದು ಇತಿಹಾಸದ ಜಾಗ ಅಂದರು. ಹಾಗಾದರೆ ನಾವು ಯಾವ ಜಾಗದಲ್ಲಿದ್ದೆವೋ ಹೇಳಲಿಲ್ಲ. ನಮ್ಮಲ್ಲಿ ಒಂದು ಕ್ರಮವಿತ್ತು. ಮನೆ ಬಿಟ್ಟು ಹೋಗುವಾಗ ಒಲೆಯ ಒಂದು ಗುಂಡನ್ನಾದರೂ ಒಡೆದು, ಕೆಂಡ ತಗೊಂಡು ಹೊರಡಬೇಕು. ಒಲೆ ಇಡಿಯಾಗಿ ಉಳಿದರೆ ಮನೆಯವರು ಸತ್ತ ಮೇಲೂ ಅಲ್ಲಿಗೇ ಉಣ್ಣಲು ಬರುತ್ತಾರೆ, ಅಲ್ಲಿ ಉಣಬಡಿಸುವವರಿರುವುದಿಲ್ಲ. ಉಳಿದ ಮನೆಯವರು ಒಡೆದರು. ಅಜ್ಜಿ ಮಾತ್ರ ಸುತ್ತಿಗೆ ಮುಟ್ಟಲಿಲ್ಲ.

"ಒಲೆ ಒಡೆಯೋರು ಮನೆ ಬಿಟ್ಟು ಹೋಗೋರು. ನಾ ಎಲ್ಲಿ ಬಿಟ್ಟು ಹೋಗ್ತಿದೀನಿ? ಈ ಜೀಪಿನೋರು ಸಾಯ್ಲಿ, ವಾಪಸ್ ಬರ್ತೀನಿ."

ನಾವು ಪಾತ್ರೆ ಹೊತ್ತು ಗುಡ್ಡದ ಬುಡ ತಲುಪುವ ಮೊದಲೇ ಕೆಳಗಿನ ಊರಿನವರು ನಮ್ಮ ಮಾಡಿನ ರೀಪು ಬಿಚ್ಚಲು ಹತ್ತಿದ್ದರು. ಇವತ್ತು ಅದೇ ಊರಿನವರು ಹೋಮ್‌ಸ್ಟೇ ಬೋರ್ಡು ಹಾಕಿಕೊಂಡು "ಬನ್ನಿ ಸಾರ್" ಅನ್ನುತ್ತಾರೆ. ಅವರ ಚಹಾ ನಾನು ಕುಡಿಯುವುದಿಲ್ಲ.

ಕೋಣಂದೂರಿಗೆ ಬಂದೆವು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಹೊತ್ತೆ, ಆಮೇಲೆ ಕರಣೆ ಹಿಡಿದೆ. ಆ ಊರಲ್ಲಿ ನಾನು ಕಟ್ಟಿದ ಒಂದು ಗೋಡೆಯೂ ಬಿರುಕು ಬಿಟ್ಟಿಲ್ಲ, ಯಾರ ಮುಂದೆಯೂ ಕೈಯೊಡ್ಡಿಲ್ಲ. ಅಜ್ಜಿ ಆ ಬಾಡಿಗೆ ಮನೆಯಲ್ಲಿ ಊಟಕ್ಕೆ ಕೂತರೆ ತಟ್ಟೆ ದೂಡುವಳು: "ಈ ಒಲೆದು ಅನ್ನ ನಂಗೆ ಸೇರಲ್ಲ." ಹಾಗೇ ಸವೆದು ಹೋದಳು. ಈ ಬೇಸಿಗೆಯಲ್ಲಿ ಅವ್ವನೂ ಹೋದಳು. ಹೋಗುವ ಮೊದಲು ನನ್ನ ಕೈ ಹಿಡಿದು, "ಅತ್ತೆ ಅಲ್ಲೇ ಕೂತಿದಾರೆ ಕಣೋ, ಹಸ್ಕಂಡು. ಒಲೆ ಒಡೆದು ಬಿಡಿಸ್ಕಂಡು ಬಾ" ಅಂದಳು. ಅದಕ್ಕೇ ಚೀಲದಲ್ಲಿ ಸುತ್ತಿಗೆ ಇಟ್ಟುಕೊಂಡು ಬಂದಿದ್ದೆ.

ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಒಂದು ಗುಂಪು ಏದುಸಿರು ಬಿಡುತ್ತ ಬಂತು. ಕರೆತಂದವನು ಕೆಳಗಿನ ಊರಿನ ಸುಧಾಕರ, ಈಗ ಇಲ್ಲಿ ಗೈಡು. ನೋಡಬೇಕಾದ ಅರಮನೆ ಇನ್ನೂ ಮೇಲಿದೆ; ಜನರನ್ನು ಅಷ್ಟು ಹತ್ತಿಸುವ ಬದಲು ಇಲ್ಲೇ ಮುಗಿಸುವವನು. "ನೋಡಿ, ಇದು ಸೈನಿಕರ ಅಡುಗೆಮನೆ. ಈ ಒಲೆ ಮೇಲೆ ಇಡೀ ಪಡೆಗೆ ಅನ್ನ ಆಗ್ತಿತ್ತು" ಎಂದ.

"ಪಡೆಗಲ್ಲ, ನಂಗೆ" ಎಂದೆ.

ಅವರು ನಕ್ಕರು. ಒಬ್ಬಳು ನನ್ನ ಫೋಟೋನೂ ತೆಗೆದಳು. ಸುಧಾಕರ ನನ್ನ ರಟ್ಟೆ ಹಿಡಿದು ಆಚೆ ಕರೆದೊಯ್ದ.

"ಎಂತಕ್ಕೆ ಅಣ್ಣ, ಹೊಟ್ಟೆ ಮೇಲೆ ಹೊಡೀತೀರಿ?"

"ಇದು ಯಾರ ಒಲೆ ಅಂತ ನಿಂಗೆ ಗೊತ್ತಿಲ್ವನಾ?"

"ಗೊತ್ತು ಮಾರಾಯ್ರೆ. ನಿಮ್ಮಜ್ಜಿ ಒಲೆ ಅಂದ್ರೆ ಯಾರು ನೋಡ್ತಾರೆ? ಸೈನಿಕರದ್ದು ಅಂದಿದ್ದಕ್ಕೇ ಉಳ್ಕಂಡಿದೆ. ಪಕ್ಕದ ಮನೆಯೋರ ಒಲೆ ಎಲ್ಲಿದೆ ತೋರ್ಸಿ ನೋಡಣ."

ತೋರಿಸಲು ಏನೂ ಇರಲಿಲ್ಲ. ಪಕ್ಕದಲ್ಲಿ ಬರೀ ಲಂಟಾನದ ಪೊದೆ. ಅವನ ಮಾತು ನಿಜವಾಗಿತ್ತು, ನನಗೆ ಸಿಟ್ಟು ಏರಿದ್ದೂ ಅದಕ್ಕೇ. ಅಜ್ಜಿ ಒಬ್ಬ ಸಿಪಾಯಿಗೂ ಗಂಜಿ ಹಾಕಿದವಳಲ್ಲ. ಇವನ ಸುಳ್ಳಿನ ಕೂಳು ತಿಂದು ಅವಳ ಒಲೆ ಬದುಕುವುದು ಬೇಡ.

ಗುಂಪು ಸುಧಾಕರನ ಹಿಂದೆ ಕೋಟೆಯ ಕೊಳದ ಕಡೆ ಸರಿಯಿತು. ಕುಕ್ಕರಗಾಲಲ್ಲಿ ಕೂತು, "ಅಜ್ಜಿ, ಏಳು, ಹೋಗಣ" ಎಂದು ಒಲೆಯ ಮುಂದಿನ ಗುಂಡುಕಲ್ಲಿಗೆ ಸುತ್ತಿಗೆ ಬಾರಿಸಿದೆ. ಮೊದಲ ಏಟಿಗೆ ಬರೀ ಕಿಡಿ. ಎರಡನೆಯದಕ್ಕೆ ಒಡೆಯಿತು. ಮೇಲೆಲ್ಲ ಅಷ್ಟು ವರ್ಷದ ಮಸಿ, ಒಳಗೆ ಕಲ್ಲು ನಿನ್ನೆ ಕಡೆದಷ್ಟು ಹೊಸದು. ತುಂಡನ್ನು ಚೀಲಕ್ಕೆ ಹಾಕಿಕೊಂಡೆ.

ಸದ್ದು ಕೇಳಿ ಸುಧಾಕರ ಓಡಿ ಬಂದ. ಒಲೆ ನೋಡಿದ, ನನ್ನ ಮುಖ ನೋಡಿದ, ಸುತ್ತಿಗೆ ನೋಡಿದ. ಕೂಗಿದರೆ ಕೂಗಲಿ ಅಂತ ನಿಂತೇ ಇದ್ದೆ. ಅಷ್ಟರಲ್ಲಿ ಎರಡನೇ ಗುಂಪು ಬಾಗಿಲು ದಾಟಿ ಬಂತು. ಅವನು ಗಂಟಲು ಸರಿ ಮಾಡಿಕೊಂಡು ಅವರತ್ತ ತಿರುಗಿದ.

"ಬನ್ನಿ ಬನ್ನಿ. ಇದು ಸೈನಿಕರ ಒಲೆ. ಇಲ್ಲಿ ಒಡೆದಿದೆಯಲ್ಲ, ನೋಡಿ, ಶತ್ರುಗಳ ತೋಪಿನ ಗುಂಡು ಬಿದ್ದಿದ್ದು."

ಜನ ಬಗ್ಗಿ ಆ ಹೊಸ ಗಾಯವನ್ನು ಮುಟ್ಟಿ ನೋಡುತ್ತಿದ್ದರು. ನಾನು ಚೀಲ ಹೆಗಲಿಗೇರಿಸಿ ಇಳಿದೆ. ಅಜ್ಜಿ ಕಾಯುತ್ತಿದ್ದ ಕೋಟೆ ಬಾಗಿಲ ಹತ್ತಿರ ನಿಂತು ಕೈ ಮೂಸಿ ನೋಡಿಕೊಂಡೆ. ಮಸಿ ಇತ್ತು. ಹುರುಳಿಯ ಘಮ ಇರಲಿಲ್ಲ.